ತಾಟಿನ ಮುಂದೆ ಕೇಳಿದ ಸಂಘ

ಇವತ್ತು ಮಾಡಿದ ಕೆಲಸ ಇಷ್ಟು. ನಲ್ಲಿ ಬರುವ ಹೊತ್ತಿಗೆ ಎದ್ದು ಎರಡು ಡ್ರಮ್ಮು, ನಾಲ್ಕು ಕೊಡ ನೀರು ತುಂಬಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಪುಂಡಿಸೊಪ್ಪು ಬಿಡಿಸಿ, ಹನ್ನೊಂದು ರೊಟ್ಟಿ ಬಡಿದು, ಯಜಮಾನರ ಡಬ್ಬಿ ಕಟ್ಟಿದೆ. ಗ್ಯಾಸಿಗೆ ಫೋನು ಹಚ್ಚಿದೆ. ಶೇಂಗಾ ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿಟ್ಟೆ. ಆಮೇಲೆ ಹದಿನಾಲ್ಕು ಕೆಂಪು ಜರ್ಸಿಗಳನ್ನು ತಣ್ಣೀರಿನಲ್ಲಿ ನೆನೆಹಾಕಿ, ಒಗೆದು, ಒಳಮೈ ಹೊರಗೆ ಮಾಡಿ ಮಾಳಿಗೆಯ ಮೇಲೆ ನೆರಳಿನಲ್ಲಿ ಹರವಿದೆ. ಬಿಸಿಲಿಗೆ ಹಾಕಿದರೆ ಈ ಕೆಂಪು ಎರಡೇ ತಿಂಗಳಲ್ಲಿ ಇಟ್ಟಂಗಿಯ ಬಣ್ಣಕ್ಕೆ ಬರುತ್ತದೆ. ಎರಡು ಜರ್ಸಿಯ ಬಗಲು ಹರಿದಿತ್ತು, ಹೊಲಿದೆ. ಕಲಬುರಗಿ ಹತ್ತಿರದ ಶರಣಸಿರಸಗಿಯ ಈ ಹೊಸ ಲೇಔಟಿಗೆ ನಾವು ಬಂದು ಇನ್ನೂ ವರ್ಷವಾಗಿಲ್ಲ. ಪಕ್ಕದ ಮನೆಯಾಕೆ ಬಹಳ ದಿನದಿಂದ ತಡೆದುಕೊಂಡಿದ್ದಳೆಂದು ಕಾಣುತ್ತದೆ, ಇವತ್ತು ಕಾಂಪೌಂಡಿನ ಮೇಲೆ ಕತ್ತು ಚಾಚಿ ಕೇಳಿಯೇಬಿಟ್ಟಳು.

“ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಮನ್ಯಾಗ ಗಂಡಸರು ಎಷ್ಟ್ ಮಂದಿ ಅದಾರ?”

“ಒಬ್ರೇ ಅದಾರರೀ. ಅವ್ರೂ ಕೆಂಪಂಗಿ ಹಾಕ್ಕೊಳ್ಳಂಗಿಲ್ಲ.”

ಇವು ನನ್ನ ತವರೂರು ಕಮಲಾಪುರದ ಕೆಂಬಾಳೆ ಫುಟ್‌ಬಾಲ್ ಸಂಘದ ಜರ್ಸಿಗಳು. ನಾನು ಹತ್ತು ವರ್ಷದವಳಿದ್ದಾಗಿನಿಂದ, ನಡುವೆ ಎರಡು ವರ್ಷ ಬಿಟ್ಟು, ಇವುಗಳನ್ನು ಒಗೆಯುತ್ತ ಬಂದಿದ್ದೇನೆ. ಫುಟ್‌ಬಾಲಿನ ಮೇಲೆ ನಿನಗೆ ಅಷ್ಟು ಪ್ರೀತಿಯೇ ಎಂದು ಯಜಮಾನರು ಈಗಲೂ ಕೇಳುತ್ತಾರೆ. ಪ್ರೀತಿ ಇದೆ. ಆದರೆ ನಮ್ಮ ಮನೆಯಲ್ಲಿ ಮೊದಲು ಗಟ್ಟಿಯಾದದ್ದು ಸೇಡು. ಪ್ರೀತಿ ಅದರ ಸೆರಗು ಹಿಡಿದುಕೊಂಡು ಹಿಂದಿನಿಂದ ಬಂತು. ಆ ನಡುವಿನ ಎರಡು ವರ್ಷದ ಮಾತನ್ನು ಹೇಳದೆ ನಾನು ಎಂಥವಳು ಎಂಬುದು ತಿಳಿಯುವುದಿಲ್ಲ.

ಕಮಲಾಪುರದ ನಮ್ಮ ಮನೆ ಕಲ್ಲಿನದು. ಉದ್ದನೆಯ ಪಡಸಾಲೆ, ಅದರ ಒಂದು ತುದಿಗೆ ಜೋಳದ ಚೀಲಗಳು, ಇನ್ನೊಂದು ತುದಿಗೆ ಸಂಘ. ಸಂಘ ಎಂದರೆ ಒಂದು ಟ್ರಂಕು. ಅದರಲ್ಲಿ ಜರ್ಸಿ, ಎರಡು ಚೆಂಡು, ಗಾಳಿ ಹಾಕುವ ಪಂಪು, ಕಾಗದಪತ್ರ, ಮರದ ಹಿಡಿಯ ಒಂದು ಸಿಕ್ಕಾ, ಅಂದರೆ ಸಂಘದ ಮೊಹರು. ಆ ಸಿಕ್ಕಾ ಒತ್ತಿದ ಕಾಗದ ಇದ್ದರೆ ಮಾತ್ರ ಕಲಬುರಗಿಯ ಲೀಗಿನಲ್ಲಿ ಆಡಲು ಬಿಡುತ್ತಿದ್ದರು. ನಮ್ಮೂರ ಬಾಳೆಯ ಸಿಪ್ಪೆ ಕೆಂಪು, ಅದಕ್ಕೇ ಜರ್ಸಿಯೂ ಕೆಂಪು. ಮನೆಯ ಹಿಂದಿನ ಬೀಳು ಹೊಲವೇ ಮೈದಾನ. ಆ ಹೊಲ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಆಕೆಗೆ ಆಟದ ಕಾನೂನು ಗೊತ್ತಿರಲಿಲ್ಲ, ಗೋಲು ಮಾತ್ರ ಗೊತ್ತಿತ್ತು. ಆಫ್‌ಸೈಡು ಎಂದರೇನೆಂದು ಅಪ್ಪನ ತಮ್ಮ ಶಿವಣ್ಣ ಕಾಕಾ ಒಂದು ಮಧ್ಯಾಹ್ನವಿಡೀ ಉಳ್ಳಾಗಡ್ಡಿಗಳನ್ನು ಸಾಲಾಗಿ ಇಟ್ಟು ತಿಳಿಸಿಕೊಟ್ಟಿದ್ದ. ಕೊನೆಗೆ ಆಯಿ, “ಹಂಗಂದ್ರ ಕಳ್ಳನಂಗ ಮುಂಚೇನೇ ಹೋಗಿ ನಿಂತಾನ ಅನ್ನು” ಅಂದಳು. ಅಂದಿನಿಂದ ನಮ್ಮೂರಿನಲ್ಲಿ ಅದಕ್ಕೆ ‘ಕಳ್ಳ ನಿಂತಾನ’ ಎಂದೇ ಹೆಸರು. ಈಗಿನ ಹುಡುಗರೂ ಹಾಗೆಯೇ ಕೂಗುತ್ತಾರೆ. ರವಿವಾರ ಆಟ ಮುಗಿದ ಮೇಲೆ ಹನ್ನೊಂದು ಮಂದಿ ಪಡಸಾಲೆಯಲ್ಲಿ ಕೂತು ರೊಟ್ಟಿ ಉಣ್ಣುತ್ತಿದ್ದರು, ಅವ್ವ ಬಡಿದು ಬಡಿದು ಹಾಕುತ್ತಿದ್ದಳು, ನಾನು ಅವರ ಜರ್ಸಿಗಳನ್ನು ಹಿತ್ತಲಿನ ಒಗೆಯುವ ಕಲ್ಲಿಗೆ ಒಯ್ಯುತ್ತಿದ್ದೆ. ಗೋಲು ಕಾಯುವ ಮೌಲಾ ಮಾತ್ರ ತಾನೇ ಬಂದು ತನ್ನ ಜರ್ಸಿಯನ್ನು ನೀರಿನಲ್ಲಿ ಅದ್ದಿ ಕೊಡುತ್ತಿದ್ದ. “ನನ್ನದು ಭಾಳ ಹೊಲಸ ಆಗ್ಯದ ತಂಗಿ, ನಿನ್ನ ಕೈ ನೋಯ್ತಾವ” ಅನ್ನುತ್ತಿದ್ದ. ಅವನ ತಾಯಿ ಚಾಂದಬೀ ಆಯಿಯ ಗೆಳತಿ. ಇಬ್ಬರೂ ಕೂಡಿ ಶೇಂಗಾ ಒಡೆಯುತ್ತಿದ್ದರು, ಇಬ್ಬರೂ ಕೂಡಿ ಊರಿನ ಸೊಸೆಯಂದಿರನ್ನು ಬೈಯುತ್ತಿದ್ದರು.

ಹೀಗಿರುವಾಗ ಅಪ್ಪನ ತಂಗಿಯ, ಅಂದರೆ ನನ್ನ ಅತ್ತೆಯ ಮದುವೆಯಾಯಿತು. ಗಂಡು ಕಲಬುರಗಿಯವರು, ಸೂಪರ್ ಮಾರ್ಕೆಟ್‌ನಲ್ಲಿ ಅರಿವೆ ಅಂಗಡಿ. ನಾನು ಅವರಿಗೆ ಮಾಮಾ ಅನ್ನುತ್ತಿದ್ದೆ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಸಣ್ಣ ದನಿ. ನಮ್ಮ ಮನೆತನದಲ್ಲಿ ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿ, ಎಣ್ಣೆ ಹಚ್ಚಿ ನೀರು ಎರೆದು, ಮಣೆಯ ಮೇಲೆ ಕೂಡಿಸಿ ಮುಂದೆ ತಾಟು ಇಡುತ್ತಾರೆ. ಅಳಿಯ ತಾಟಿಗೆ ಕೈ ಹಚ್ಚುವುದಿಲ್ಲ. ಮುಖ ಉಬ್ಬಿಸಿಕೊಂಡು ಕೂಡುತ್ತಾನೆ. ಏನು ಬೇಕೆಂದು ಹೆಣ್ಣಿನ ತಾಯಿ ಮೂರು ಸಲ ಕೇಳಬೇಕು. ಮೂರನೆಯ ಸಲ ಅವನು ಕೇಳಿದ್ದನ್ನು ಕೊಟ್ಟೆ ಎಂದು ಬಾಯಿಬಿಟ್ಟು ಅಂದಮೇಲೆಯೇ ಅವನು ತುತ್ತು ಎತ್ತುವುದು. ಎಲ್ಲರೂ ಉಂಗುರ ಕೇಳುತ್ತಾರೆ, ಕೈಗಡಿಯಾರ ಕೇಳುತ್ತಾರೆ, ಬಹಳ ಧೈರ್ಯದವರು ಮೋಟರ್ ಸೈಕಲ್ ಕೇಳುತ್ತಾರೆ. ಆಯಿ ಉಂಗುರವೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಯಾರಾಗಿ ಕೂತು, ಆಗಲೇ ಎರಡು ಸಲ ಕೇಳಿದ್ದಳು.

“ಏನ್ ಬೇಕ್ರಿ ಅಳಿಯಾವ್ರ? ಹೋಳಿಗಿ ಆರಾಕತ್ತಾವ.”

“ಕೇಳಿದ್ರ ಕೊಡ್ತೀರಿ?”

“ಕೇಳ್ರಿ ಅಂತೀನಿ, ಕೇಳ್ರಿ.”

“ಸಂಘ ಕೊಡ್ರಿ ಅತ್ತಿಯವ್ರ.”

ಪಡಸಾಲೆಯೆಲ್ಲ ನಕ್ಕಿತು. ಕಾಕಾ ಬಹಳ ನಕ್ಕ, ಅವನೇ ಸಂಘದ ಸೆಕ್ರೆಟರಿ. ಅಪ್ಪ ಒಬ್ಬನೇ ನಗಲಿಲ್ಲ, ಆದರೆ ಅಪ್ಪ ಯಾವುದಕ್ಕೂ ನಗುತ್ತಿರಲಿಲ್ಲ. ಆಯಿ ಕಣ್ಣೀರು ಬರುವಂತೆ ನಕ್ಕು, ಟ್ರಂಕಿನ ಕಡೆ ಕೈ ಮಾಡಿ, “ತಗೋರಿ, ನಿಮ್ದ ಅದ. ಕೊಟ್ಟೀನಿ. ಇನ್ನರ ಉಣ್ರಿ” ಅಂದಳು. ಮಾಮಾ ತುಪ್ಪದಲ್ಲಿ ಹೋಳಿಗೆ ಅದ್ದಿ ಬಾಯಿಗಿಟ್ಟರು. ಉಂಗುರ ಆಯಿಯ ಸೆರಗಿನಲ್ಲೇ ಉಳಿಯಿತು. ಅಗ್ಗದಲ್ಲಿ ಪಾರಾದೆವೆಂದು ಅವ್ವ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು.

ಎಂಟು ದಿನಕ್ಕೆ ಜೀಪು ಬಂತು. ಮಾಮಾ ಟ್ರಂಕು ಹೇರಿಸಿದರು. ಕಾಕಾ ತಡೆಯಲು ಹೋದರೆ ಆಯಿಯ ಕಡೆ ನೋಡಿ, “ಅತ್ತಿಯವ್ರು ಅಂದದ್ದು ಹೌದಲ್ರಿ?” ಅಂದರು. ಅಷ್ಟೇ. ಆರು ಮಂದಿ ಆಟಗಾರರನ್ನು ತಮ್ಮ ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟುಕೊಂಡು ಕಲಬುರಗಿಗೆ ಕರೆದೊಯ್ದರು. ಮೌಲಾನೂ ಹೋದ, ಹೋಗುವಾಗ ನಮ್ಮ ಮನೆಯ ಮುಂದಿನಿಂದ ಹೋಗಲಿಲ್ಲ. ಮುಂದಿನ ಸೀಜನ್ನಿಗೆ ಕೆಂಬಾಳೆ ಸಂಘ ಹಳದಿ ಜರ್ಸಿ ತೊಟ್ಟು ಮೈದಾನಕ್ಕಿಳಿಯಿತು. ಎದೆಯ ಮೇಲೆ ಮಾಮಾನ ಅಂಗಡಿಯ ಹೆಸರು. ನಮ್ಮ ಹೆಸರು ಕಾಗದದಲ್ಲಿ ಮಾತ್ರ. ಆ ಹೆಸರು ಅವರ ಹತ್ತಿರ ಇರುವ ತನಕ ಕಮಲಾಪುರದವರು ಆ ಹೆಸರಿನಿಂದ ಎಲ್ಲಿಯೂ ಆಡುವ ಹಾಗಿಲ್ಲ.

ಮನೆಯಲ್ಲಿ ಜಗಳ ಶುರುವಾಯಿತು. ಕಾಕಾ ಉಂಡ ತಾಟನ್ನು ತಳ್ಳಿ ಏಳುತ್ತಿದ್ದ. ಹೋಗಿ ನಾಕು ಮಂದಿ ಮುಂದೆ ಕೇಳು, ತಮಾಷೆಗೆ ಅಂದದ್ದು ಎಂದು ಹೇಳು, ಎಂದು ಆಯಿಗೆ ಗಂಟುಬೀಳುತ್ತಿದ್ದ.

“ಅಂದ ಬಾಯಿ ನಂದೋ ಶಿವಣ್ಣಾ. ನಗಕೋತ ಅಂದ್ರೂ ನಂದ, ಅಳಕೋತ ಅಂದ್ರೂ ನಂದ.”

“ಹಂಗಾರ ಸುಮ್ನ ಕೂಡೋಣೇನು?”

“ಸುಮ್ನ ಕೂಡು ಅಂತ ಯಾರ ಅಂದ್ರು? ಅಳಿಯಗ ಬೈಯಂಗಿಲ್ಲ, ಅಷ್ಟ. ನನ್ನ ಮಗಳು ಆ ಮನ್ಯಾಗ ಬಾಳೇ ಮಾಡಬೇಕು.”

ಬಸುರಿ ಅತ್ತೆಯ ಕುಬಸದ ಊಟಕ್ಕೆ ಎಲ್ಲರೂ ಕಲಬುರಗಿಗೆ ಹೋದೆವು. ಅಲ್ಲಿ ಕಾಕಾ ಒಂದು ಉಪಾಯ ಹೂಡಿದ. ಮಾಮಾನ ಮನೆಯ ಪಂಕ್ತಿಯಲ್ಲಿ, ಎಲ್ಲರ ನಡುವೆ, ತಾಟಿಗೆ ಕೈ ಹಚ್ಚದೆ ಮುಖ ಉಬ್ಬಿಸಿ ಕೂತ. ಮಾಮಾ ಸಾರಿನ ಸೌಟು ಹಿಡಿದುಕೊಂಡೇ ಬಂದು ಅವನ ಮುಂದೆ ಬಗ್ಗಿದರು. “ಶಿವಣ್ಣಾ, ಅದು ಅಳಿಯಗ ಅಷ್ಟೇ ನಡೀತದ. ನಿಂಗ ಮದ್ವಿ ಆಗ್ಲಿ, ನಿಮ್ಮ ಅತ್ತಿ ಮನ್ಯಾಗ ಹೋಗಿ ಕೂಡುವಂತಿ. ಹೆಣ್ಣ ನೋಡ್ಲೇನು?” ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಕಾಕಾ ತಲೆ ತಗ್ಗಿಸಿ ಉಂಡ. ಬಸ್ಸಿನಲ್ಲಿ ಕಮಲಾಪುರದ ತನಕ ಅವನ ಕಿವಿ ಕೆಂಪಗಾಗಿದ್ದನ್ನು ನಾನು ಹಿಂದಿನ ಸೀಟಿನಿಂದ ನೋಡುತ್ತ ಕೂತಿದ್ದೆ. ಅದನ್ನು ಮರೆಯಬಾರದು ಎಂದುಕೊಂಡೆ, ಮರೆತಿಲ್ಲ.

ಸಂಘವಿಲ್ಲದ ರವಿವಾರಗಳು ಬಂದವು. ನನಗೆ ಒಗೆಯಲು ಏನೂ ಇರಲಿಲ್ಲ. ಆದರೂ ಮಂದಿ ಬಂದು ಪಡಸಾಲೆಯಲ್ಲಿ ಕೂಡುವುದು ನಿಲ್ಲಲಿಲ್ಲ. ಉಳಿದ ಐವರು ಆಟಗಾರರು, ಚಾಂದಬೀ, ಓಣಿಯ ಹೆಂಗಸರು, ಹೊಲ ಮಾಡುವವರು. ಆಟವಿಲ್ಲದೆ ಏನು ಮಾಡುವುದು? ಹಳೆಯ ಗೋಲುಗಳನ್ನೇ ತಿರುತಿರುಗಿ ಹೇಳುತ್ತಿದ್ದರು. ಆಗ ಒಂದು ರವಿವಾರ ಅಪ್ಪ ಬಾಯಿಬಿಟ್ಟ. ನಮ್ಮ ಸಂಘ ಎಲ್ಲಿ ಆಡುತ್ತದೋ ಅಲ್ಲಿಗೆ ಹೋಗುವುದು ನಮ್ಮ ಕೆಲಸ, ಅಂದ.

“ಹೋಗಿ ಯಾರಿಗೆ ಜೈ ಅನ್ನೋದು?” ಕಾಕಾ ಕೇಳಿದ.

ಎಲ್ಲರೂ ಆಯಿಯ ಕಡೆ ನೋಡಿದರು. ಆಯಿ ಶೇಂಗಾ ಒಡೆಯುವುದನ್ನು ನಿಲ್ಲಿಸಲಿಲ್ಲ.

“ಸಂಘ ನಮ್ದು. ಅಂಗಿ ಅವ್ರದು. ಅಂಗಿ ಸೋಲ್ಲಿ.”

“ಅಂಗಿ ಒಳಗ ನನ್ನ ಮಗಾ ಅದಾನ ಅಲ್ಲವ್ವಾ?” ಅಂದಳು ಚಾಂದಬೀ.

“ಅಂಗಿ ಸೋತ್ರ ನಿನ್ನ ಮಗ ಮನಿಗೆ ಬರ್ತಾನ. ಗೆದ್ರ ಅಲ್ಲೇ ಉಳೀತಾನ. ಏನ್ ಬೇಕ ನೋಡು.”

ಚಾಂದಬೀ ಮಡಿಲಿನ ಶೇಂಗಾ ಸಿಪ್ಪೆ ಜಾಡಿಸಿ, “ನಡಿ, ನಾನೂ ಬರ್ತೀನಿ” ಅಂದಳು.

ಅಂದಿನಿಂದ ಆಟವಿದ್ದ ಪ್ರತಿ ರವಿವಾರ ಬೆಳಗಿನ ಬಸ್ಸಿಗೆ ಇಪ್ಪತ್ತು ಮಂದಿ. ಹಳೆ ಸೀರೆಯಲ್ಲಿ ರೊಟ್ಟಿಗಂಟು, ಡಬ್ಬಿಯಲ್ಲಿ ಹಿಂಡಿ, ಬಡಿಯಲು ಒಂದು ಹಲಗೆ. ಮಾಮಾನ ಎದುರಿಗೆ ಯಾರು ಆಡುತ್ತಾರೋ ಅವರೇ ಅವತ್ತಿಗೆ ನಮ್ಮವರು. ಅವರ ಹೆಸರೂ ನಮಗೆ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಒಮ್ಮೆ ಅರ್ಧ ಆಟ ತಪ್ಪು ಹೆಸರು ಕೂಗಿ ಜೈ ಅಂದಿದ್ದೆವು. ಬೇರೆಯವರು ಆಟ ಚೆನ್ನಾಗಿ ಕಾಣುವ ಜಾಗ ನೋಡಿ ಕೂಡುತ್ತಾರೆ. ನಾವು ನೇರ ಮೌಲಾ ಕಾಯುವ ಗೋಲಿನ ಹಿಂದೆ ಹೋಗಿ ಜಮಖಾನೆ ಹಾಸುತ್ತಿದ್ದೆವು, ಅರ್ಧ ಆಟಕ್ಕೆ ಅವನು ಕಡೆ ಬದಲಿಸಿದರೆ ನಾವೂ ಜಮಖಾನೆ ಸುತ್ತಿಕೊಂಡು ಆ ಕಡೆಗೆ. ಆಯಿ ಕೆಟ್ಟ ಮಾತು ಒಂದೂ ಆಡುತ್ತಿರಲಿಲ್ಲ. ಬರೀ ಮನೆಯ ಮಾತು.

“ಏ ಮೌಲಾ, ಮೈ ಇಳದಾದಲ್ಲೋ! ಅರಿವಿ ಅಂಗಡ್ಯಾಗ ಅರಿವೀನೇ ತಿನಸ್ತಾರೇನು?”

ಅವನು ಕೇಳಿಸದವನಂತೆ ನಿಲ್ಲುತ್ತಿದ್ದ. ಆಗ ಚಾಂದಬೀ ಎದ್ದು ನಿಲ್ಲುತ್ತಿದ್ದಳು.

“ಬೇಟಾ, ನಾ ಇಲ್ಲೇ ಅದೀನಿ! ಏಕ್ ಬಾರ್ ಇಧರ್ ದೇಖ್!”

ತಾಯಿ ಕರೆದರೆ ಯಾವ ಮಗ ತಿರುಗುವುದಿಲ್ಲ? ತಿರುಗಿದ. ಚೆಂಡು ಒಳಗೆ ಹೋಯಿತು. ನಾವು ಹಲಗೆ ಬಡಿದೆವು, ಚಾಂದಬೀ ಕುಣಿಯುತ್ತ ಅತ್ತಳು. ಆಟ ಮುಗಿದ ಮೇಲೆ ಜಗತ್ ಸರ್ಕಲ್ಲಿನ ಹತ್ತಿರ ಮಂಡಕ್ಕಿಯ ಸೂಸಲಾ, ಮಿರ್ಚಿ ತಿಂದು ಬಸ್ಸು ಹತ್ತಿದೆವು. ಅಷ್ಟು ರುಚಿಯ ಮಿರ್ಚಿ ಆಮೇಲೆ ನಾನು ತಿಂದಿಲ್ಲ.

ಆದರೆ ಕೂಗಿನಿಂದ ಎಷ್ಟು ಸಲ ಗೆಲ್ಲಲಾದೀತು? ಮೌಲಾ ಕಿವಿಗೆ ಹತ್ತಿ ಇಟ್ಟುಕೊಂಡು ಬರಲು ಶುರುಮಾಡಿದ. ಹಳದಿಯವರು ಸಾಲಾಗಿ ಮೂರು ಆಟ ಗೆದ್ದರು. ಆ ವಾರ ಹಿತ್ತಲಿನಲ್ಲಿ ಆಯಿ ಒಬ್ಬಳೇ ಕೂತು ಶೇಂಗಾ ಒಡೆಯುತ್ತಿದ್ದಾಗ ನಾನು ಹೋಗಿ ಹತ್ತಿರ ಕೂತೆ. ಈ ಮಾತನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ.

“ಆಯಿ, ಮೌಲಾ ಎಡಕ್ಕ ಬೀಳಂಗಿಲ್ಲ.”

“ನಿಂಗ್ಯಾರು ಹೇಳಿದ್ರು?”

“ಅಂಗಿ.”

ಒಗೆದವಳಿಗೆ ಗೊತ್ತು. ಅವನ ಜರ್ಸಿಯ ಬಲಗಡೆ ಮೊಣಕೈಯಿಂದ ಸೊಂಟದವರೆಗೆ ಕರಿಮಣ್ಣು ಹಿಡಿದಿರುತ್ತಿತ್ತು, ಕಲ್ಲಿಗೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಎಡಗಡೆ ಇಸ್ತ್ರಿ ಮಾಡಿದ ಹಾಗೆ ಇರುತ್ತಿತ್ತು. ಎಡಕ್ಕೆ ಬಂದ ಚೆಂಡನ್ನು ಅವನು ಕಾಲಿನಿಂದ ತಡೆಯುತ್ತಿದ್ದ, ಮೈ ಚೆಲ್ಲುತ್ತಿರಲಿಲ್ಲ. ಆಯಿ ಒಡೆದ ಶೇಂಗಾ ಒಂದು ಮುಷ್ಟಿ ನನ್ನ ಲಂಗದಲ್ಲಿ ಹಾಕಿ, “ಈ ಮಾತು ಚಾಂದಬೀಗಿ ಗೊತ್ತಾಗಬಾರದು” ಅಂದಳು. ಮುಂದಿನ ರವಿವಾರ ಆಟ ಶುರುವಾಗುವ ಮುನ್ನ ಆಯಿ ಎದುರಿನ ತಂಡದ ಕ್ಯಾಪ್ಟನ್ ಹುಡುಗನನ್ನು ಕರೆದು ರೊಟ್ಟಿ ಕೊಟ್ಟಳು, ಬೆನ್ನು ಸವರಿದಳು, ಕಿವಿಯಲ್ಲಿ ಒಂದು ಮಾತು ಹೇಳಿದಳು. ಅವತ್ತು ನಾಲ್ಕು ಗೋಲು, ನಾಲ್ಕೂ ಎಡಕ್ಕೆ. ಅದರ ಮುಂದಿನ ವಾರ ಮೂರು. ಪ್ರತಿ ವಾರ ಬೇರೆ ಕ್ಯಾಪ್ಟನ್ನು, ಅದೇ ರೊಟ್ಟಿ. ಮೌಲಾ ಕಂಬ ಹಿಡಿದು ನಿಂತು ತನ್ನ ಎಡಗೈಯನ್ನೇ ನೋಡಿಕೊಳ್ಳುತ್ತಿದ್ದ, ಅದು ಬೇರೆ ಯಾರದೋ ಕೈ ಅನ್ನುವ ಹಾಗೆ. ನನ್ನ ಕೈ ನೋಯುತ್ತದೆಂದು ತನ್ನ ಅಂಗಿಯನ್ನು ತಾನೇ ಅದ್ದಿ ಕೊಡುತ್ತಿದ್ದವನು. ಪಾಪ ಅನಿಸಿತು. ಆದರೂ ಅವತ್ತು ಬಸ್ಸಿನಲ್ಲಿ ಕಂಡ ಕಾಕಾನ ಕೆಂಪು ಕಿವಿ ನೆನಪಾಗುತ್ತಿತ್ತು, ಪಾಪ ಅನ್ನುವುದನ್ನು ನುಂಗುತ್ತಿದ್ದೆ. ಮೌಲಾ ಆಮೇಲೆ ಊರಿಗೆ ಮರಳಿದ, ಈಗ ನಮ್ಮ ಹುಡುಗರಿಗೆ ಆಟ ಕಲಿಸುತ್ತಾನೆ. ಸೋಮವಾರ ಜರ್ಸಿಗಳ ಗಂಟು ತಂದುಕೊಡುವವನು ಅವನೇ. ಅಂಗಿಗಳು ನನಗೆ ಏನು ಹೇಳುತ್ತವೆ ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ, ಸೀಜನ್ನಿನ ಕೊನೆಯ ಆಟದ ಹಿಂದಿನ ದಿನ, ಶನಿವಾರ ಬೆಳಿಗ್ಗೆ ಮಾಮಾ ಕಮಲಾಪುರಕ್ಕೆ ಬಂದರು. ಅತ್ತೆಯನ್ನು ಕರೆತಂದಿರಲಿಲ್ಲ, ಪೇಢೆಯ ಡಬ್ಬಿ ತಂದಿದ್ದರು. ಮರುದಿನದ ಆಟ ನೋಡಲು ಮಾರ್ಕೆಟ್‌ನ ದೊಡ್ಡ ದೊಡ್ಡ ವ್ಯಾಪಾರಿಗಳನ್ನು ಕರೆದಿದ್ದರಂತೆ, ಶಾಮಿಯಾನ ಹಾಕಿಸಿದ್ದರಂತೆ. ಆಯಿ ಹೊಸ ಜಮಖಾನೆ ಹಾಸಿ ಕೂಡಿಸಿ, ಅವ್ವನಿಗೆ ಹೂರಣ ರುಬ್ಬಲು ಹೇಳಿದಳು.

“ಅತ್ತಿಯವ್ರ, ಒಂದ್ ಮಾತ ಕೇಳ್ಲಿಕ್ಕೆ ಬಂದೀನಿ. ನಾಳೆ ಗ್ರೌಂಡಿಗೆ ನೀವು ಬರಬ್ಯಾಡ್ರಿ.”

“ಯಾಕ್ರಿ? ನಾವೇನ್ ಕಲ್ಲು ಒಗದೇವೇನು?”

“ಕಲ್ಲು ಒಗದ್ರ ಪೊಲೀಸರಿಗೆ ಹೇಳ್ತಿದ್ದೆ. ನೀವು ಊಟ ಆತೇನಪಾ ಅಂತ ಕೇಳ್ತೀರಿ. ಅದಕ್ಕ ಯಾರಿಗ್ ಹೇಳ್ಲಿ? ನೀವ್ ಬಂದು ಕುಂತ್ರ ಹುಡುಗರ ಕೈಕಾಲ ಆಡಂಗಿಲ್ಲ. ಮಂದಿ ಮುಂದ ನನ್ನ ಮರ್ಯಾದಿ ಹೋಗ್ತದ.”

ಬಾಗಿಲ ಮರೆಯಲ್ಲಿದ್ದ ಕಾಕಾ ಹಲ್ಲು ಕಡಿದದ್ದು ನನಗೆ ಕೇಳಿಸಿತು. ಆಯಿ ಎಲೆಗೆ ಸುಣ್ಣ ಹಚ್ಚುತ್ತ, ಮಳೆಯ ಮಾತಾಡುವ ದನಿಯಲ್ಲಿ ಹೇಳಿದಳು.

“ಆಯ್ತ್ರಿ, ನಾ ಬರಂಗಿಲ್ಲ. ಸಂಘದ ಹೆಸರು, ಸಿಕ್ಕಾ ಇಲ್ಲಿ ಇಟ್ಟು ಹೋಗ್ರಿ. ನಮ್ಮ ಶಿವಣ್ಣನ ಹೆಸರಿಲೆ ಬರದ ಕೊಡ್ರಿ.”

ಮಾಮಾ ನಕ್ಕರು. ಮುಂದಿನ ವರ್ಷದಿಂದ ಹೇಗೂ ಅಂಗಡಿಯ ಹೆಸರಿನಲ್ಲೇ ತಂಡ ಇಳಿಸುವವರಿದ್ದರು ಎಂದು ಆಮೇಲೆ ಅತ್ತೆ ಹೇಳಿದಳು. “ಹೆಸರ ತಗೊಂಡ ಏನ್ ಮಾಡ್ತೀರಿ? ಆಡವ್ರ ಐದ ಮಂದಿ ಅದಾರ” ಅಂದರು. “ಉಪ್ಪಿನಕಾಯಿ ಹಾಕ್ತೀವ್ರಿ” ಅಂದಳು ಆಯಿ. ನನ್ನ ಕನ್ನಡ ನೋಟಬುಕ್ಕಿನ ನಡುವಿನ ಹಾಳೆ ಹರಿದು ಕೊಟ್ಟೆ. ಮಾಮಾ ಕಿಸೆಯ ಎರಡು ಪೆನ್ನಿನಲ್ಲಿ ಒಂದನ್ನು ತೆಗೆದು ಬರೆದರು. ಕೆಂಬಾಳೆ ಸಂಘದ ಹೆಸರು, ಲೆಕ್ಕಪತ್ರ, ಲೀಗಿನ ಸಂಬಂಧ ಎಲ್ಲವೂ ಇಂದಿನಿಂದ ಕಮಲಾಪುರದವರದು. ಸಿಕ್ಕಾ ಅವರ ರೆಕ್ಸಿನ್ ಚೀಲದಲ್ಲೇ ಇತ್ತು, ಅಂಗಡಿಯ ಸಿಕ್ಕಾದ ಜೊತೆ ಅದನ್ನೂ ಇಟ್ಟುಕೊಂಡು ತಿರುಗುತ್ತಿದ್ದರು. ಕಾಗದದ ಮೇಲೆ ಒತ್ತಿ, ಸಿಕ್ಕಾವನ್ನು ಜಮಖಾನೆಯ ಮೇಲೆ ಇಟ್ಟರು. ಕಾಕಾ ಬಂದು ಅದನ್ನು ಎತ್ತಿ, ಅಂಗಿಯ ತುದಿಯಿಂದ ಒರೆಸಿ ಕಿಸೆಗೆ ಹಾಕಿಕೊಂಡ. ಆಯಿ ಕಾಗದವನ್ನು ನನ್ನ ಕೈಯಲ್ಲಿ ಕೊಟ್ಟು ಎರಡು ಸಲ ಗಟ್ಟಿಯಾಗಿ ಓದಿಸಿದಳು. ಎರಡನೆಯ ಸಲ ಪಡಸಾಲೆಯ ಕಟ್ಟೆಯ ಹೊರಗೆ ಓಣಿಯ ಹೆಂಗಸರೂ ಬಂದು ನಿಂತಿದ್ದರು.

ಊಟಕ್ಕೆ ಬಡಿಸುವಾಗ ಅವ್ವ ಅಡುಗೆಮನೆಯಿಂದ ಕೇಳಿದಳು.

“ಅತ್ತಿ, ನಾಳಿಗಿ ಬುತ್ತಿ ಎಷ್ಟ್ ಮಂದಿಗಿ ಕಟ್ಲಿ?”

“ನಂದೊಂದ್ ಬಿಟ್ಟು ಎಲ್ಲಾರದೂ ಕಟ್ಟು. ಚಾಂದಬೀಗಿ ಹೇಳಿ ಕಳಸು, ಮುಂದಿನ ಸಾಲಿಗೆ ಆಕೀನೇ ಕೂಡ್ಲಿ.”

ಮಾಮಾನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ಬರಂಗಿಲ್ಲ ಅಂದ್ರೆಲ್ಲರೀ?”

“ನಾ ಬರಂಗಿಲ್ಲರೀ. ಅಂದ ಮಾತ ತಿರುವಾಕಿ ಅಲ್ಲ ನಾನು. ಊರಿನ ಮಂದಿ ಬಾಯಿ ನನ್ನ ಬಾಯಿ ಅಲ್ಲಲ್ರಿ. ತುಪ್ಪ ಹಾಕ್ಲಿ?”

ಮರುದಿನ ಎರಡು ಬಸ್ಸಿನಷ್ಟು ಮಂದಿ ಹೋದೆವು. ಆಯಿ ಮನೆಯಲ್ಲಿ ಉಳಿದು ಜೋಳ ಹಸನು ಮಾಡಿದಳು. ಶಾಮಿಯಾನದ ಮುಂದೆ ಹಳದಿಯವರು ಐದು ಗೋಲು ತಿಂದರು, ವ್ಯಾಪಾರಿಗಳು ಮೂರನೆಯದಕ್ಕೇ ಎದ್ದು ಹೋಗಿದ್ದರು. ನಮಗೆ ಹೆಸರು ಬಂದರೂ ತಂಡ ಕೂಡಲು ಮತ್ತೆ ಆರು ತಿಂಗಳು ಬೇಕಾಯಿತು. ಮೊದಲ ಆಟದಲ್ಲಿ ಏಳು ಮಂದಿ ಇಳಿದು ಒಂಬತ್ತು ಗೋಲಿಗೆ ಸೋತೆವು. ಮೈದಾನದ ಸುತ್ತ ನಿಂತ ನಮ್ಮ ಮಂದಿ ಯಾರೂ ಆಟ ಮುಗಿಯುವ ತನಕ ಕದಲಲಿಲ್ಲ. ಆದರೆ ನನಗೆ ಇವೆಲ್ಲಕ್ಕಿಂತ ಹೆಚ್ಚು ನೆನಪಿರುವುದು ಆ ಶನಿವಾರದ ಮಧ್ಯಾಹ್ನ.

ಅವತ್ತು ಉಂಡದ್ದು ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಕಡಕ್ ರೊಟ್ಟಿ, ಹಿಂಡಿ, ಅನ್ನ, ಮಜ್ಜಿಗೆ. ಆಯಿ ಎದುರಿಗೆ ಕೂತು, ಇನ್ನೊಂದು, ನನ್ನಾಣೆ ಇನ್ನೊಂದು, ಎಂದು ಮಾಮಾನಿಗೆ ಆರು ಹೋಳಿಗೆ ತಿನ್ನಿಸಿದಳು. ಅಳಿಯನಾದವನು ಅತ್ತೆಯ ಆಣೆ ಮೀರುವ ಹಾಗಿಲ್ಲ. ಆರನೆಯದನ್ನು ಅವರು ನೀರು ಕುಡಿದು ನುಂಗಿದರು. ಕಾಕಾ ಮೂರು ತಿಂದ, ಅಪ್ಪ ಎರಡು. ಆಯಿ ಒಂದು ರೊಟ್ಟಿ ಮಾತ್ರ. ನಾನು ಎಷ್ಟು ತಿಂದೆನೋ ಲೆಕ್ಕ ಇಡಲಿಲ್ಲ. ಮೊದಲು ಮಲಗಿದವರು ಮಾಮಾ. ಪಡಸಾಲೆಯ ಮಂಚದ ಮೇಲೆ ಬಾಯಿ ತೆರೆದು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ಕರೆಂಟು ಹೋಗಿತ್ತು. ಮಾಮಾನಿಗೆ ಗಾಳಿ ಹಾಕು ಎಂದು ಅವ್ವ ನನ್ನ ಕೈಗೆ ಬೀಸಣಿಗೆ ಕೊಟ್ಟು ಒಳಗೆ ಹೋದಳು. ಅವರ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು, ಬೆಲ್ಲದ ವಾಸನೆಗೆ ನೊಣಗಳು ಬಂದು ಮೀಸೆಯ ಮೇಲೆ, ತುಟಿಯ ಮೇಲೆ ಕೂತವು. ಕಂಬಕ್ಕೆ ಒರಗಿ ಎಲೆ ಅಗಿಯುತ್ತಿದ್ದ ಆಯಿ ನನ್ನ ಕಡೆ ನೋಡಿದಳು. ನಾನು ಬೀಸಣಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತೆ.